ಮಡಿ ಸೀರೆ ಮತ್ತು ಎದುರು ಮನೆಯವರ ಅನುಮಾನ

ಎದುರು ಮನೆಯವರು ತೀರಿಕೊಂಡ ಬೆಳಿಗ್ಗೆ ನಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಕೈಮುಗಿದ ಚಿತ್ರ ಹಾಕಿದರು. ಅದರ ಕೆಳಗೆ ಇನ್ನೊಬ್ಬರು ‘ಇದು ಕನ್ಫರ್ಮಾ? ಯಾರು ನೋಡಿದ್ದು?’ ಎಂದು ಕೇಳಿದರು. ಅಂಥ ಹೊತ್ತಿನಲ್ಲೂ ನನಗೆ ನಗು ಬಂತು, ಹಿಂದೆಯೇ ಅಳು ಬಂತು. ಅವರು ಬದುಕಿದ್ದು ತಮ್ಮ ಸಾವಿನ ಸುದ್ದಿಯನ್ನು ತಾವೇ ಓದಿದ್ದರೆ ಮೊದಲು ಕೇಳುತ್ತಿದ್ದದ್ದು ಅದೇ ಪ್ರಶ್ನೆ.

ಜಯನಗರದಿಂದ ಯಡಿಯೂರು ಕೆರೆಯ ಕಡೆಗೆ ಹೋಗುವ ಒಂದು ಅಡ್ಡರಸ್ತೆ ನಮ್ಮದು. ಮದುವೆಯಾಗಿ ಆ ಬೀದಿಗೆ ಬಂದ ಹೊಸತರಲ್ಲಿ ನನಗೆ ಅತ್ತೆ ಕೊಟ್ಟ ಮೊದಲ ಎಚ್ಚರಿಕೆ, “ಎದುರು ಮನೆಯವರ ಹತ್ತಿರ ಜಾಸ್ತಿ ಮಾತು ಬೇಡ, ಬಾಯಿ ಬಿಡಿಸ್ತಾರೆ” ಎಂದು. ಅವರು ವಿಮಾ ಕಂಪನಿಯೊಂದರಲ್ಲಿ ಕ್ಲೇಮುಗಳ ತನಿಖೆ ಮಾಡಿ ನಿವೃತ್ತರಾದ ಒಂಟಿ ಹೆಂಗಸು. ಎಲ್ಲೋ ಅಂಗಡಿ ಸುಟ್ಟಿದೆ, ಯಾರೋ ಆಸ್ಪತ್ರೆಯಲ್ಲಿ ಮಲಗಿದ್ದಾರೆ, ಲಾರಿ ಹಳ್ಳಕ್ಕೆ ಬಿದ್ದಿದೆ ಎಂದರೆ ಹೋಗಿ ನೋಡಿ, ಹೇಳಿದ್ದೆಲ್ಲ ನಿಜವೇ ಎಂದು ಪತ್ತೆ ಹಚ್ಚುವುದು ಅವರ ಕೆಲಸವಾಗಿತ್ತು. ಕೆಲಸ ಬಿಟ್ಟರೂ ಬುದ್ಧಿ ಬಿಟ್ಟಿರಲಿಲ್ಲ. ಮದುವೆ ಮಾಡಿಕೊಂಡಿರಲಿಲ್ಲ. ಏಕೆ ಎಂದು ಕೇಳಿದವರಿಗೆ “ನೀವು ಯಾಕೆ ಕೇಳ್ತಿದೀರಿ?” ಎಂದು ತಿರುಗಿ ಕೇಳುತ್ತಿದ್ದರಂತೆ. ಕೇಳಿದವರು ಮತ್ತೆ ಆ ವಿಷಯ ಎತ್ತುತ್ತಿರಲಿಲ್ಲ.

ಅವರ ಅನುಮಾನಕ್ಕೆ ದೊಡ್ಡವರು ಚಿಕ್ಕವರು ಎಂಬ ಭೇದವಿರಲಿಲ್ಲ. ಸಾರಕ್ಕಿ ಮಾರ್ಕೆಟ್ಟಿನಲ್ಲಿ ಟೊಮೆಟೊ ಮಾರುವಾತ ಅವರು ಬರುವುದನ್ನು ಕಂಡರೆ ಬುಟ್ಟಿಯನ್ನೇ ಮಗುಚಿ, “ಅಡಿಯಿಂದಾನೇ ತಗೊಳ್ಳಿ ಮೇಡಂ, ನನಗೂ ನಿಮಗೂ ಟೈಮ್ ಉಳಿಯುತ್ತೆ” ಎನ್ನುತ್ತಿದ್ದ. ಗಣೇಶನ ಚಂದಾಕ್ಕೆ ಬಂದ ಹುಡುಗರನ್ನು “ಹೋದ ವರ್ಷದ ಗಣೇಶನ್ನ ಎಲ್ಲಿ ಬಿಟ್ರಿ?” ಎಂದು ಕೇಳಿದಾಗ, ಒಬ್ಬ ಯಡಿಯೂರು ಕೆರೆ ಎಂದು, ಇನ್ನೊಬ್ಬ ಸ್ಯಾಂಕಿ ಕೆರೆ ಎಂದು ಹೇಳಿ, ಗೇಟಿನಲ್ಲೇ ಅವರೊಳಗೆ ಜಗಳ ಹತ್ತಿತ್ತು. ಬ್ಯಾಂಕಿನಿಂದ ಎಂದು ಸುಳ್ಳು ಹೇಳಿ ಫೋನ್ ಮಾಡಿದವನೊಬ್ಬನನ್ನು ಅವನ ಮ್ಯಾನೇಜರು, ಅವನ ಊರು, ಅವನ ಊರಿನ ಬಸ್ ಸ್ಟ್ಯಾಂಡು ಎಂದು ವಿಚಾರಿಸುತ್ತ ಹೋದಾಗ, ಕೊನೆಗೆ ಅವನೇ “ಇಡ್ತೀನಿ ಮೇಡಂ, ಪ್ಲೀಸ್” ಎಂದು ಬೇಡಿಕೊಂಡನಂತೆ. ಈ ಕಥೆಯನ್ನು ಬೀದಿಯವರು ನಗುತ್ತ ಹೇಳುತ್ತಿದ್ದರು. ನನಗೆ ಮಾತ್ರ ಅವರನ್ನು ಕಂಡರೆ ಆಗುತ್ತಿರಲಿಲ್ಲ.

ಆಗದಿರುವುದಕ್ಕೆ ಕಾರಣವಿತ್ತು. ನಾನು ಪುಟ್ಟೇನಹಳ್ಳಿಯ ಹಳೇ ಊರಿನವಳು. ನಮ್ಮ ತಾತನ ರಾಗಿ ಹೊಲ ಇದ್ದ ಕಡೆ ಈಗ ಅಪ್ಪನ ಬಾಡಿಗೆ ಮನೆಗಳಿವೆ. ಬನಶಂಕರಿಯ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ಪಾಠ ಮಾಡುತ್ತಿದ್ದವನನ್ನು ಮೆಚ್ಚಿ, ಮಡಿ-ಮೈಲಿಗೆಯ ಮನೆಗೆ ಸೊಸೆಯಾಗಿ ಬಂದೆ. ಅತ್ತೆ ಕೆಟ್ಟವರಲ್ಲ. ಎಲ್ಲ ದಿನವೂ ನನ್ನ ಕೈಯ ಕಾಫಿ ಕುಡಿಯುತ್ತಿದ್ದರು, ನನ್ನ ಜೊತೆ ಕೂತು ಸೀರಿಯಲ್ ನೋಡುತ್ತಿದ್ದರು. ಏಕಾದಶಿಯ ಮಾರನೆಯ ದಿನ, ಶುಕ್ರವಾರ, ಹಬ್ಬ, ತಿಥಿ ಎಂದರೆ ಮಾತ್ರ ಅವರು ಬೇರೆ ಹೆಂಗಸಾಗುತ್ತಿದ್ದರು. ಸ್ನಾನ ಮಾಡಿ ಮಡಿ ಸೀರೆ ಉಟ್ಟ ಮೇಲೆ ನಾನು ಅವರ ಹತ್ತಿರ ಸುಳಿಯುವಂತಿರಲಿಲ್ಲ. ಒಗೆದು ಒಣಹಾಕಿದ ಆ ಸೀರೆಯನ್ನು ಅವರ ಹೊರತು ಯಾರೂ ಮುಟ್ಟುವಂತಿರಲಿಲ್ಲ. ನನಗೆ ನೋವಾಗುತ್ತಿತ್ತು, ಹೇಳಿಕೊಳ್ಳುತ್ತಿರಲಿಲ್ಲ.

ನಾನು ಆ ಮನೆಗೆ ಬಂದ ಮೇಲಿನ ಎರಡನೆಯ ಮಳೆಗಾಲಕ್ಕೆ ಅತ್ತೆಗೆ ಮೈಮೇಲೆ ಗಂಧೆ ಏಳತೊಡಗಿತು. ಕತ್ತು, ಭುಜ, ಸೊಂಟದ ಸುತ್ತ ಕೆಂಪಗೆ ದಪ್ಪ ದಪ್ಪ ಗಂಧೆ, ತಡೆಯಲಾರದ ತುರಿಕೆ. ಪಿತ್ತದ ಗಂಧೆ ಎಂದುಕೊಂಡು ಕುಂಡದಲ್ಲಿದ್ದ ದೊಡ್ಡಪತ್ರೆಯ ಎಲೆ ಕಿತ್ತು ಉಜ್ಜಿಕೊಂಡರು, ಹಳೆಯ ಕಂಬಳಿ ತೆಗೆದು ಗಸಗಸ ಉಜ್ಜಿಕೊಂಡರು. ಉಜ್ಜಿದಷ್ಟೂ ಜಾಸ್ತಿಯಾಯಿತು. ಒಂದೆರಡು ದಿನಕ್ಕೆ ಇಳಿಯುವುದು, ಮತ್ತೆ ಏಳುವುದು. ಹೀಗೇ ನಡೆದಾಗ ಅವರು ಒಂದು ಲೆಕ್ಕ ಹಾಕಿದರು. ಗಂಧೆ ಏಳುವುದು ಮಡಿಯ ದಿನ ಮಾತ್ರ. ಬೇರೆ ದಿನ ಏನೂ ಇಲ್ಲ.

ಒಂದು ಸಂಜೆ ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ, ಅತ್ತೆ ಮೈಸೂರಿನಲ್ಲಿರುವ ನನ್ನ ನಾದಿನಿಯ ಜೊತೆ ಫೋನಿನಲ್ಲಿ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. “ಮಡಿ ದಿನಾನೇ ಯಾಕೆ ಆಗ್ಬೇಕು ಹೇಳು. ಅವತ್ತು ಅವಳನ್ನ ದೂರ ಇಡ್ತೀನಲ್ಲ, ಆ ಸಿಟ್ಟಿಗೆ ಏನೋ ಹಾಕ್ತಾಳೆ. ಹಳ್ಳಿ ಕಡೆಯೋರಿಗೆ ಸೊಪ್ಪು ಸದೆ ಎಲ್ಲ ಗೊತ್ತಿರತ್ತೆ.” ಪುಟ್ಟೇನಹಳ್ಳಿ ಎಂದರೆ ಅವರ ಮನೆಯಿಂದ ಒಂದು ಆಟೋದ ದಾರಿ. ಅದು ಅವರಿಗೆ ಹಳ್ಳಿ, ನಾನು ಸೊಪ್ಪು ಹಾಕುವವಳು.

ಅಂದಿನಿಂದ ಆ ಮನೆಯ ಗಾಳಿಯೇ ಬದಲಾಯಿತು. ನಾನು ಕಾಫಿ ಇಟ್ಟು ಹೋದರೆ ಅತ್ತೆ ಅದನ್ನು ಕುಡಿಯುತ್ತಿದ್ದಾರೋ ಚೆಲ್ಲುತ್ತಿದ್ದಾರೋ ಎಂದು ನಾನು ಕಿವಿ ನೆಟ್ಟು ಕೂರುತ್ತಿದ್ದೆ. ನಾನು ಅಡುಗೆಮನೆಗೆ ಹೋದರೆ ಅವರು ಏನೋ ನೆಪ ಮಾಡಿಕೊಂಡು ಹಿಂದೆಯೇ ಬರುತ್ತಿದ್ದರು. ನನ್ನ ಗಂಡ ಇಬ್ಬರ ಮುಖವನ್ನೂ ನೋಡಿ ಪೇಪರ್ ಎತ್ತಿಕೊಳ್ಳುತ್ತಿದ್ದ. ಇದರ ಮೇಲೆ ಎದುರು ಮನೆಯವರು ಬೇರೆ. ಬೆಳಿಗ್ಗೆ ಹಾಲು ತರಲು ಹೋದಾಗ ಅವರು ತಮ್ಮ ಗೇಟಿನಲ್ಲಿ ನಿಂತು ನಮ್ಮ ತಾರಸಿಯನ್ನೇ ನೋಡುತ್ತಿರುವುದನ್ನು ಎಷ್ಟೋ ಸಲ ಕಂಡೆ. ನಾನು ನೋಡಿದರೂ ದೃಷ್ಟಿ ತೆಗೆಯುತ್ತಿರಲಿಲ್ಲ. ಅತ್ತೆಯೇ ಇವರನ್ನು ನನ್ನ ಮೇಲೆ ಕಾವಲಿಗೆ ಹಾಕಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಬಾಯಿ ಬಿಡಿಸುವವರ ಹತ್ತಿರ ಮಾತು ಬೇಡ ಎಂದು ನನಗೆ ಹೇಳಿ, ತಾವು ಗುಟ್ಟಾಗಿ ಮಾತಾಡುತ್ತಿರಬೇಕು ಎಂದುಕೊಂಡೆ.

ಮಾವನ ತಿಥಿಯ ದಿನ ಅದು ಕೈಮೀರಿತು. ಅತ್ತೆ ಮಡಿಯುಟ್ಟು ಕೆಳಗೆ ಬಂದು ಸ್ವಲ್ಪ ಹೊತ್ತಿಗೆ ತುರಿಕೆ ಶುರುವಾಯಿತು. ಕಣ್ಣು ಉಜ್ಜಿಕೊಂಡರು, ಕಣ್ಣು ಊದಿ ಮುಚ್ಚಿಕೊಂಡಿತು. ಆಮೇಲೆ ಉಸಿರು ಎಳೆದರೆ ಎದೆಯಲ್ಲಿ ಸುಯ್ ಎಂದು ಸದ್ದು. ಪುರೋಹಿತರು ಮಂತ್ರ ನಿಲ್ಲಿಸಿ ನೋಡಿದರು. ನನ್ನ ಗಂಡ ತಿಥಿ ಮಾಡುತ್ತಿದ್ದವನು, ಏಳುವಂತಿಲ್ಲ. ನಾನು ಮುಟ್ಟಿದರೆ ಮಡಿ ಹೋಗುತ್ತದೆ. ಅತ್ತೆ ಆ ಸ್ಥಿತಿಯಲ್ಲೂ ನನ್ನ ಕಡೆ ಕೈ ಅಡ್ಡ ಮಾಡಿದರು. ತಿಥಿಗೆಂದು ಬಂದಿದ್ದ ನಾದಿನಿ ಅವರನ್ನು ಆಟೋದಲ್ಲಿ ಕೂರಿಸಿಕೊಂಡು ಹತ್ತಿರದ ನರ್ಸಿಂಗ್ ಹೋಮಿಗೆ ಕರೆದೊಯ್ದಳು. ಇಂಜೆಕ್ಷನ್ ಕೊಟ್ಟು, ಮುಖಕ್ಕೆ ಮಾಸ್ಕ್ ಹಾಕಿ ಔಷಧಿಯ ಹಬೆ ಎಳೆಸಿದರಂತೆ. ಅಲರ್ಜಿ, ಯಾವುದರಿಂದ ಎಂದು ನೀವೇ ಗಮನಿಸಬೇಕು, ಇನ್ನೊಂದು ಸಲ ಉಸಿರು ಕಟ್ಟಿದರೆ ಮನೆಮದ್ದು ಮಾಡುತ್ತ ಕೂರಬೇಡಿ, ತಕ್ಷಣ ಬನ್ನಿ ಎಂದು ಡಾಕ್ಟರು ಹೇಳಿ ಕಳಿಸಿದರು.

ಆ ರಾತ್ರಿ ನನ್ನ ಗಂಡ ಗೋಡೆ ನೋಡುತ್ತ, “ಈ ಹಬ್ಬಗಳೆಲ್ಲ ಮುಗಿಯೋವರೆಗೆ ನೀನು ನಿಮ್ಮಮ್ಮನ ಮನೇಲಿದ್ದು ಬಾ. ಅಮ್ಮನಿಗೂ ಸಮಾಧಾನ ಆಗತ್ತೆ” ಎಂದ. “ನಿನಗೂ ಅನುಮಾನನಾ?” ಎಂದೆ. “ಹಾಗಲ್ಲ” ಎಂದ. ಹಾಗಲ್ಲ ಎಂದವನು ಇನ್ನು ಹೇಗೆ ಎಂದು ಹೇಳಲಿಲ್ಲ. ನಾನು ಬ್ಯಾಗಿಗೆ ಬಟ್ಟೆ ತುಂಬಿದೆ.

ಮಾರನೆಯ ದಿನ ನಾನು ಹೊರಡುವ ಮೊದಲು ಎದುರು ಮನೆಯವರು ಅತ್ತೆಯನ್ನು ನೋಡಲು ಬಂದರು. ಕನ್ನಡಕವನ್ನು ಹಣೆಯ ಮೇಲಕ್ಕೆ ತಳ್ಳಿ, ಮೊದಲು ಅತ್ತೆಯನ್ನು, ಆಮೇಲೆ ನನ್ನ ಬ್ಯಾಗನ್ನು, ಆಮೇಲೆ ನನ್ನನ್ನು ನೋಡಿದರು. ಯಾವಾಗಲೂ ನನ್ನನ್ನು “ಏನಮ್ಮ” ಎಂದು ಏಕವಚನದಲ್ಲಿ ಮಾತಾಡಿಸುತ್ತಿದ್ದವರು ಅಂದು ಬಹುವಚನಕ್ಕೆ ಇಳಿದರು. ವಿಚಾರಣೆ ಮಾಡುವಾಗ ಅವರು ಹಾಗೆ ಎಂದು ನನಗೆ ಆಮೇಲೆ ತಿಳಿಯಿತು.

“ನೀವು ನಿಮ್ಮ ಅತ್ತೆಗೆ ಏನಾದ್ರೂ ಹಾಕಿದ್ರಾ?”

ಮನೆಯಲ್ಲಿ ಎಲ್ಲರ ಮನಸ್ಸಿನಲ್ಲಿದ್ದದ್ದು ಅದೇ. ಬಾಯಿಬಿಟ್ಟು ನನ್ನ ಮುಖಕ್ಕೆ ಕೇಳಿದವರು ಇವರೊಬ್ಬರೇ. ನನಗೆ ಕೋಪ ನೆತ್ತಿಗೇರಿತು. “ಇಲ್ಲ. ನಿಮಗೇನು ಅಧಿಕಾರ ಇದೆ ಆಂಟಿ ಹೀಗೆ ಕೇಳೋಕೆ?” ಎಂದು ಹೇಳುತ್ತಲೇ ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲಿಲ್ಲ. ನಾನು ಅಳುವುದನ್ನು ಒಂದಿಷ್ಟು ಹೊತ್ತು ನೋಡಿದರು. “ಸರಿ” ಎಂದು ಅತ್ತೆಯ ಕಡೆ ಕುರ್ಚಿ ಎಳೆದುಕೊಂಡರು. ಅತ್ತೆಯ ಮುಖದಲ್ಲಿ ಒಂದು ಥರದ ಗೆಲುವಿತ್ತು. ಅದನ್ನು ನಾನು ಇಂದಿಗೂ ಮರೆತಿಲ್ಲ.

“ಏನ್ರೀ, ಗಂಧೆ ಏಳೋದು ಊಟಕ್ಕೆ ಮುಂಚೆನಾ, ಆಮೇಲಾ?”

“ಮುಂಚೇನೇ. ಪೂಜೆಗೆ ಕೂತಾಗ್ಲೇ ಶುರು.”

“ಕಾಫಿ ಕುಡಿದಿರ್ತೀರಾ?”

“ಮಡೀಲಿ ಪೂಜೆ ಆಗೋವರೆಗೂ ನೀರೂ ಮುಟ್ಟಲ್ಲ ನಾನು.”

“ಅಂದ್ರೆ ಹೊಟ್ಟೆಗೆ ಏನೂ ಹೋಗಿರಲ್ಲ.” ಅವರು ಅತ್ತೆಯ ತೋಳನ್ನು ಬೆಳಕಿಗೆ ಹಿಡಿದರು. “ಸೆರಗು ಬೀಳೋ ಭುಜ, ಕತ್ತು, ಸೀರೆ ಸಿಕ್ಕಿಸೋ ಸೊಂಟ. ಸೀರೆ ತಾಕದೆ ಇರೋ ಕಡೆ ಏನೂ ಇಲ್ಲ. ಮೈಗೆ ತಾಕಿದ್ದು ಇದು, ತಿಂದಿದ್ದಲ್ಲ.”

ಅತ್ತೆ ಸ್ವಲ್ಪ ಯೋಚಿಸಿದರು. “ಹಂಗಾದ್ರೆ ಏನೋ ಪುಡಿ ಗಿಡಿ ಹಾಕಿರ್ಬೇಕು” ಎಂದರು. ನನ್ನ ಹೆಸರು ಹೇಳಲಿಲ್ಲ, ನನ್ನ ಕಡೆ ನೋಡಿದರು ಅಷ್ಟೆ.

“ಎಲ್ಲಿಗೆ? ನಿಮ್ಮ ಮಡಿ ಸೀರೆಗಾ?”

“ಮತ್ತೆ?”

“ಅಂದ್ರೆ ನಿಮ್ಮ ಸೊಸೆ ನಿಮ್ಮ ಮಡಿ ಸೀರೆ ಮುಟ್ಟಿದ್ದಾಳೆ ಅಂತೀರಿ.”

ಎದುರು ಮನೆಯವರು ಅವಸರ ಮಾಡಲಿಲ್ಲ. “ಹೌದು ಅಂದ್ರೆ ಹೌದು ಅನ್ನಿ, ನಾನು ಒಪ್ಕೋತೀನಿ. ಆದ್ರೆ ಅವಳು ಮುಟ್ಟಿದ ಸೀರೆ ಉಟ್ಕೊಂಡು ನೀವು ಇಷ್ಟು ದಿನ ಪೂಜೆ ಮಾಡಿದ್ದೀರಿ. ನಿನ್ನೆ ಯಜಮಾನರ ತಿಥಿಗೂ ಅದನ್ನೇ ಉಟ್ಟಿದ್ದೀರಿ. ಆ ಮಡಿ ಎಲ್ಲ ಏನಾಯ್ತು?”

ಅತ್ತೆಯ ಕಣ್ಣು ಗೋಡೆಯ ಮೇಲಿದ್ದ ಮಾವನ ಫೋಟೋದ ಕಡೆ ಹೋಯಿತು. ಒಂದು ಕಡೆ ನಾನು ತಪ್ಪಿತಸ್ಥಳು ಎಂಬ ಸಂತೋಷ. ಇನ್ನೊಂದು ಕಡೆ ತಿಥಿ ಕೆಟ್ಟಿತೆಂಬ ಭಯ. ಅವರು ಎರಡನ್ನೂ ತೂಗುತ್ತಿರುವುದು ನನಗೆ ಕಾಣುತ್ತಿತ್ತು. ಕೊನೆಗೆ, “ಇಲ್ಲಪ್ಪ, ನನ್ನ ಮಡಿ ಸೀರೆ ಯಾರೂ ಮುಟ್ಟಿಲ್ಲ. ಮುಟ್ಟಿದ್ರೆ ನನಗೆ ಗೊತ್ತಾಗಲ್ವಾ?” ಎಂದರು.

“ಯಾರೂ ಅಂದ್ರೆ ಇವಳೂ ಮುಟ್ಟಿಲ್ಲ?”

“ಇವಳೂ ಮುಟ್ಟಿಲ್ಲ.”

“ಮತ್ತೆ ಇವಳು ಬ್ಯಾಗ್ ಯಾಕೆ ಹಿಡ್ಕೊಂಡಿದ್ದಾಳೆ?” ಎಂದು ಎದುರು ಮನೆಯವರು ನನ್ನ ಗಂಡನನ್ನು ಕೇಳಿದರು. ಅವನಿಗೆ ಆ ದಿನ ಪೇಪರ್ ಕೈಗೆ ಸಿಗಲಿಲ್ಲ.

ಆಮೇಲೆ ಎಲ್ಲರೂ ತಾರಸಿಗೆ ಹೋದೆವು. ಹಿಂದೆಲ್ಲ ಮಡಿ ಬಟ್ಟೆ ಒಣಗುತ್ತಿದ್ದದ್ದು ಒಳಮನೆಯಲ್ಲಿ ಎತ್ತರಕ್ಕೆ ಕಟ್ಟಿದ ಬಿದಿರಿನ ಗಳದ ಮೇಲೆ. ನಮ್ಮ ಮದುವೆಗೆ ಮುಂಚೆ ಮನೆ ರಿಪೇರಿ ಮಾಡಿಸಿ ಫಾಲ್ಸ್ ಸೀಲಿಂಗ್ ಹಾಕಿಸಿದಾಗ ಗಳ ಹೋಯಿತು. ಅಂದಿನಿಂದ ಅತ್ತೆ ತಾರಸಿಯ ಒಂದು ಮೂಲೆಯಲ್ಲಿ, ಯಾರೂ ಸುಳಿಯದ ತಗಡಿನ ಮಾಡಿನ ಕೆಳಗೆ ತಂತಿ ಕಟ್ಟಿಸಿಕೊಂಡಿದ್ದರು. ಸೀರೆ ಒಗೆದು ಅಲ್ಲಿ ಹರವಿದರೆ ಮುಂದಿನ ಮಡಿಯ ದಿನದವರೆಗೆ ಅಲ್ಲೇ ಇರುತ್ತಿತ್ತು. ನಮ್ಮ ಮಿಕ್ಕ ಬಟ್ಟೆಗಳೆಲ್ಲ ಮುಂದಿನ ಬಾಲ್ಕನಿಯಲ್ಲಿ ಒಣಗುತ್ತಿದ್ದವು. ಆ ತಂತಿಯ ಪಕ್ಕಕ್ಕೇ ನಮ್ಮ ಹಿತ್ತಲಿನ ನುಗ್ಗೆಮರ ಚಾಚಿಕೊಂಡಿತ್ತು.

ಎದುರು ಮನೆಯವರು ಮಾಡಿನ ಕೆಳಗೆ ಕತ್ತು ಎತ್ತಿ ನಿಂತರು. ಮೂಲೆಯ ಬಲ್ಬಿನ ಪಕ್ಕದ ಗೋಡೆಯಲ್ಲಿ ತಿಳಿ ಕಂದು ಬಣ್ಣದ ಒಂದು ದೊಡ್ಡ ಪತಂಗ ರೆಕ್ಕೆ ಹರಡಿ ಕೂತಿತ್ತು. “ಈ ಲೈಟು ಸಂಜೆಯೆಲ್ಲ ಉರಿಯತ್ತೆ. ನನ್ನ ಗೇಟಿಂದ ಕಾಣತ್ತೆ. ಮುಂಗಾರು ಶುರುವಾದಾಗ ಇವು ಲೈಟಿಗೆ ಬರ್ತವೆ, ಮರದಲ್ಲಿ ಮೊಟ್ಟೆ ಇಡ್ತವೆ. ಆಮೇಲೆ ನೋಡಿ ಅಲ್ಲಿ” ಎಂದು ಮರದ ಬೊಡ್ಡೆ ತೋರಿಸಿದರು. ಬೊಡ್ಡೆಯ ಒಂದು ಭಾಗ ಸುಟ್ಟು ಕಪ್ಪಾಗಿತ್ತು. ಅದರ ಮೇಲ್ಗಡೆ ಕಂಬಳಿಹುಳುಗಳು ಒಂದರ ಮೇಲೊಂದು ಮೆತ್ತಿಕೊಂಡು ಗುಂಪಾಗಿ ಕೂತಿದ್ದವು. ಉದ್ದುದ್ದ ಬಿಳಿ ರೋಮ. ನೋಡಿದರೇ ಮೈ ಜುಮ್ಮೆನ್ನುವಂತಿತ್ತು.

“ಸುಟ್ಟಿದ್ದು ಯಾರು?”

ನನ್ನ ಗಂಡ ಕೆಮ್ಮಿದ. “ನಾನೇ ಆಂಟಿ. ಹೋದ ಭಾನುವಾರ. ಕೋಲಿಗೆ ಹಳೇ ಪೇಪರ್ ಸುತ್ತಿ ಪಂಜು ಮಾಡಿ... ನುಗ್ಗೆಮರದ ಹುಳಕ್ಕೆ ಎಲ್ಲರೂ ಹಾಗೇ ಅಲ್ವಾ ಮಾಡೋದು?”

“ಎಲ್ಲರೂ ಹಾಗೇ ಮಾಡ್ತಾರೆ, ಆಮೇಲೆ ಎಲ್ಲರೂ ಹೀಗೇ ತುರಿಸ್ಕೋತಾರೆ. ಹುಳ ಸಾಯತ್ತೆ, ರೋಮ ಸಾಯಲ್ಲ. ಸುಮ್ಮನಿದ್ರೂ ಗಾಳಿಗೆ ಅಷ್ಟಿಷ್ಟು ಉದುರತ್ತೆ, ಸುಟ್ರೆ ಬಿಸಿಗಾಳಿಗೆ ರಾಶಿ ಹಾರಿ ಪಕ್ಕದಲ್ಲಿ ಏನಿದೆಯೋ ಅದರ ಮೇಲೆ ಕೂರತ್ತೆ. ಪಕ್ಕದಲ್ಲಿ ಏನಿತ್ತು?” ಎಂದು ತಂತಿಯ ಕಡೆ ತಿರುಗಿದರು. ನಾವೆಲ್ಲ ಖಾಲಿ ತಂತಿ ನೋಡಿದೆವು. ಭಾನುವಾರ ಅಲ್ಲಿ ತಿಥಿಗೆಂದು ಒಗೆದು ಹಾಕಿದ ಸೀರೆ ಇತ್ತು. “ಹಂಗಾದ್ರೆ ಹಾಕಿದ್ದು ಮಗ” ಎಂದರು, ನಗದೆ.

ಅತ್ತೆ ಅಷ್ಟು ಸುಲಭಕ್ಕೆ ಒಪ್ಪುವವರಲ್ಲ. ಹುಳು ಮೈಮೇಲೆ ಹರಿದರೆ ತಾನೆ ತುರಿಕೆ, ನನ್ನ ಮೈಮೇಲೆ ಯಾವ ಹುಳವೂ ಹರಿದಿಲ್ಲ ಎಂದು ವಾದಿಸಿದರು. ಕೆಳಗೆ ಬಂದ ಮೇಲೆ ಎದುರು ಮನೆಯವರು ತಮ್ಮ ಮನೆಯಿಂದ ಅಗಲದ ಸೆಲ್ಲೋಟೇಪು ಮತ್ತು ಓದುವ ಭೂತಗನ್ನಡಿ ತಂದರು. ಸೀರೆಯನ್ನು ತಾವು ಮುಟ್ಟಲಿಲ್ಲ. ಹಿಂದಿನ ದಿನ ಆಸ್ಪತ್ರೆಗೆ ಹೋಗಿ ಬಂದು ಅದು ಮೈಲಿಗೆಯಾಗಿದ್ದರೂ ಮುಟ್ಟಲಿಲ್ಲ. “ನಾನು ಮುಟ್ಟಿದ್ರೆ ನಾಳೆ ನನ್ನ ಮೇಲೂ ಅನುಮಾನ ಬರತ್ತೆ. ನೀವೇ ಟೇಪ್ ಒತ್ತಿ ಎತ್ತಿ” ಎಂದು ಅತ್ತೆಯ ಕೈಯಿಂದಲೇ ಮಾಡಿಸಿದರು. ಸೆರಗಿನ ಮೇಲೆ ಒತ್ತಿ ಎತ್ತಿದ ಟೇಪನ್ನು ಕಿಟಕಿಯ ಬೆಳಕಿಗೆ ಹಿಡಿದು ಅತ್ತೆ ಭೂತಗನ್ನಡಿಯಲ್ಲಿ ಇಣುಕಿದರು. ಬಹಳ ಹೊತ್ತು ಇಣುಕಿದರು. ಆಮೇಲೆ ಅದನ್ನು ನನ್ನ ಗಂಡನ ಕೈಗೆ ಕೊಟ್ಟರು. ನನಗೂ ಕೊನೆಗೆ ನೋಡಲು ಸಿಕ್ಕಿತು. ಟೇಪಿನ ಅಂಟಿನಲ್ಲಿ ಸಣ್ಣ ಸಣ್ಣ ರೋಮದ ಚೂರುಗಳು ಅಡ್ಡಾದಿಡ್ಡಿ ಬಿದ್ದಿದ್ದವು.

“ಈಗ ನಿಮ್ಮ ಕಂಬಳಿ, ದೊಡ್ಡಪತ್ರೆ ವಿಷಯ. ಉಜ್ಜಿದ್ರಲ್ಲ, ಪ್ರತಿ ಸಲ ಅದನ್ನ ಚರ್ಮದ ಒಳಗೆ ನೀವೇ ಚುಚ್ಕೊಂಡಿದ್ದು. ಇನ್ನು ಮೇಲೆ ತುರಿಕೆ ಅಂದ ತಕ್ಷಣ ಸೀರೆ ಬಿಚ್ಚಿ ಪಕ್ಕಕ್ಕಿಡಿ. ಟೇಪ್ ಒತ್ತಿ ಎತ್ತಿ, ಸೋಪು ನೀರಲ್ಲಿ ಉಜ್ಜದೆ ತೊಳೀರಿ, ತಣ್ಣೀರು ಬಟ್ಟೆ ಇಡಿ. ಆ ಕೈ ಕಣ್ಣಿಗೆ ತಗೊಂಡು ಹೋಗ್ಬೇಡಿ. ತುಟಿ ಊದಿದ್ರೆ, ಗಂಟಲು ಬಿಗಿದ್ರೆ, ಎದೇಲಿ ಸುಯ್ ಅಂದ್ರೆ ಪುರೋಹಿತರ ಮುಖ ನೋಡ್ಬೇಡಿ, ಆಸ್ಪತ್ರೆ ದಾರಿ ನೋಡಿ.”

“ಇದೆಲ್ಲ ನಿಮಗೆ ಹೇಗೆ ಗೊತ್ತು?” ಎಂದು ಅತ್ತೆ ಕೇಳಿದರು. ಅವರ ಧ್ವನಿಯಲ್ಲೂ ಅನುಮಾನವಿತ್ತು.

ಆಗ ಅವರು ಒಂದು ಹಳೆಯ ಕೇಸು ಹೇಳಿದರು. ಯಾರೋ ಒಬ್ಬ ತುರಿಕೆಗೆ ಆಸ್ಪತ್ರೆ ಸೇರಿದ್ದನಂತೆ. ತುರಿಕೆಗೆ ಯಾರಾದರೂ ಅಡ್ಮಿಟ್ ಆಗುತ್ತಾರೆಯೇ, ಇದು ಸುಳ್ಳು ಕ್ಲೇಮೇ ಸೈ ಎಂದು ಇವರು ಅವನ ಮನೆಗೆ ಹೋದರಂತೆ. ಅವನು ನುಗ್ಗೆಮರಕ್ಕೆ ಬೆಂಕಿ ಹಿಡಿದು ಹೀಗಾಯಿತು ಎಂದ. ಇವರು ನಂಬದೆ ಅದೇ ಮರಕ್ಕೆ ಒರಗಿ ನಿಂತು ಅವನನ್ನು ಪ್ರಶ್ನೆ ಮಾಡಿದರು. “ಮನೆಗೆ ಬರೋ ಹೊತ್ತಿಗೆ ಬೆನ್ನೆಲ್ಲ ಗಂಧೆ. ಚರ್ಮದ ಡಾಕ್ಟರ ಹತ್ತಿರ ಹೋಗಿ ಅವರನ್ನೂ ವಿಚಾರಣೆ ಮಾಡ್ದೆ, ಎಲ್ಲ ಹೇಳಿಕೊಟ್ರು. ಕ್ಲೇಮ್ ಪಾಸ್ ಮಾಡ್ದೆ. ಸಾಕ್ಷಿ ನನ್ನ ಬೆನ್ನ ಮೇಲೇ ಇತ್ತಲ್ಲ.” ಅವರು ತಮ್ಮನ್ನೇ ನಗೆಯಾಡಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಇಷ್ಟಾದ ಮೇಲೆ ನನಗೆ ಬಿಡುಗಡೆಯಾಯಿತು ಎಂದುಕೊಂಡೆ. ಬ್ಯಾಗು ಒಳಗಿಡಲು ಹೋದವಳನ್ನು ಅವರು ಗೇಟಿನ ಹತ್ತಿರ ಕರೆದರು. “ನಿನ್ನ ಮೇಲಿನ ಅನುಮಾನ ನಾನಿನ್ನೂ ಬಿಟ್ಟಿಲ್ಲ” ಎಂದರು. ನಾನು ದಂಗಾದೆ. “ಸೀರೇಲಿ ರೋಮ ಇತ್ತು ಅನ್ನೋದು ನಿಜ. ಅದರಿಂದಾನೇ ಆಯ್ತು ಅಂತ ಇನ್ನೂ ಸಾಬೀತಾಗಿಲ್ಲ. ಈ ಶುಕ್ರವಾರಕ್ಕೆ ನಿಮ್ಮತ್ತೆ ಸೀರೇನ ಬಿಸಿನೀರಲ್ಲಿ ಒಗೆದು ಒಳಗೆ ಒಣಗಿಸ್ಲಿ. ನೀನು ಮನೇಲೇ ಇರು. ಎಲ್ಲ ಎಂದಿನ ಹಾಗೇ ಮಾಡು. ಆಗ ಗಂಧೆ ಏಳದಿದ್ರೆ ಹುಳದ ಕೆಲಸ.”

“ನಾನು ಹೋಗಿಬಿಟ್ರೆ ಒಳ್ಳೇದಲ್ವಾ ಆಂಟಿ? ನನಗೂ ಸಾಕಾಗಿದೆ.”

“ದಡ್ಡಿ” ಎಂದರು. ಮತ್ತೆ ಏಕವಚನ ಬಂದದ್ದು ನನಗೆ ಯಾಕೋ ಹಿತವಾಯಿತು. “ಈ ಹುಳ ಇನ್ನು ಸ್ವಲ್ಪ ದಿನಕ್ಕೆ ಮಣ್ಣಿಗಿಳಿದು ಗೂಡು ಕಟ್ಕೊಳ್ಳತ್ತೆ. ತುರಿಕೆ ತಾನಾಗೇ ನಿಲ್ಲತ್ತೆ. ನೀನು ಅಮ್ಮನ ಮನೇಲಿ ಇರೋವಾಗ ನಿಂತ್ರೆ ಏನಂತಾರೆ? ಅವಳು ಹೋದ್ಲು, ನಿಂತ್ಹೋಯ್ತು ಅಂತಾರೆ. ಆಮೇಲೆ ನೀನು ಜೀವಮಾನ ಪೂರ್ತಿ ಹಾಕಿದವಳೇ. ಯಾವ ಸಾಕ್ಷಿ ತಂದ್ರೂ ಉಪಯೋಗ ಇಲ್ಲ.”

ನಾನು ಆ ಮಾತು ಕೇಳಿ ಗೇಟು ಹಿಡಿದುಕೊಂಡೆ. ನನ್ನ ಅಮ್ಮನೂ ಬಾ ಎಂದಿದ್ದಳು, ಗಂಡನೂ ಹೋಗು ಎಂದಿದ್ದ. ಹೋಗುವುದು ಎಂದರೆ ತಪ್ಪು ಒಪ್ಪಿಕೊಂಡ ಹಾಗೆ ಎಂದು ನನ್ನವರು ಯಾರಿಗೂ ಹೊಳೆದಿರಲಿಲ್ಲ. ನನ್ನನ್ನು ನಂಬದ ಈ ಹೆಂಗಸಿಗೆ ಹೊಳೆದಿತ್ತು.

ಆ ಶುಕ್ರವಾರ ಅವರು ಬೆಳಿಗ್ಗೆಯೇ ಬಂದು ನಮ್ಮ ನಡುಮನೆಯಲ್ಲಿ ಕೂತರು. ಅತ್ತೆ ಹೊರಗೆ ಬಂದರೆ ಅತ್ತೆಯನ್ನು ನೋಡಿದರು, ನಾನು ಬಂದರೆ ನನ್ನನ್ನು ನೋಡಿದರು. ನಾನು ಹೂವು ಬಿಡಿಸಿಟ್ಟೆ, ಪಾತ್ರೆ ತೊಳೆದೆ, ಎಂದಿನಂತೆ ದೂರ ನಿಂತೆ. ಅತ್ತೆ ಪೂಜೆ ಮುಗಿಸಿ ಮಂಗಳಾರತಿ ಮಾಡುವವರೆಗೂ ಮೂವರಲ್ಲಿ ಯಾರೂ ಯಾರನ್ನೂ ನಂಬದೆ ಕಳೆದೆವು. ಗಂಧೆ ಏಳಲಿಲ್ಲ. ಮಧ್ಯಾಹ್ನದವರೆಗೂ ಏಳಲಿಲ್ಲ. ಎದುರು ಮನೆಯವರು ಎದ್ದು, “ಹುಳ ಅಂತ ಸಾಬೀತಾಯ್ತು ಕಣ್ರೀ. ಇವಳ ವಿಷಯ ಇನ್ನು ನೀವುಂಟು ಇವಳುಂಟು” ಎಂದು ಚಪ್ಪಲಿ ಮೆಟ್ಟಿಕೊಂಡು ಹೋದರು.

ಅತ್ತೆ ಆ ಸಂಜೆ ನಾದಿನಿಗೆ ಫೋನ್ ಮಾಡಿ, “ಹುಳುವಂತೆ ಕಣೆ” ಎಂದರು. ಅಷ್ಟೇ. ನನ್ನ ಹತ್ತಿರ ಏನೂ ಹೇಳಲಿಲ್ಲ. ನಾನು ಬಹಳ ದಿನ ಕಾದೆ. ಆಮೇಲೆ ಕಾಯುವುದನ್ನು ಬಿಟ್ಟೆ, ಸಿಟ್ಟು ಮಾತ್ರ ಎಲ್ಲೋ ಒಳಗೆ ಉಳಿಯಿತು.

ಮರ ಕಡಿಸಲಿಲ್ಲ. ಅತ್ತೆಗೆ ನುಗ್ಗೆಸೊಪ್ಪಿನ ಆಸೆ. ಎದುರು ಮನೆಯವರೇ ನಿಂತು ನನ್ನ ಗಂಡನಿಗೆ ತುಂಬುತೋಳಿನ ಅಂಗಿ, ಗ್ಲೌಸು, ಮಾಸ್ಕು, ಕನ್ನಡಕ ಹಾಕಿಸಿ, ಹುಳದ ಗುಂಪಿಗೆ ಸೋಪಿನ ನೀರು ಹೊಡೆಸಿ ನೆನೆಸಿ, ಬಕೆಟ್ಟಿನ ಸೋಪುನೀರಿಗೆ ಕೆರೆದು ಹಾಕಿಸಿದರು. ತಾರಸಿಯನ್ನು ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಎಂದರು. ಮಳೆಗಾಲದ ಸಂಜೆ ಮಾಡಿನ ಬಲ್ಬು ಹಾಕಬೇಡಿ ಎಂದರು. ಮಡಿ ತಂತಿ ಒಳಗಿನ ಕೋಣೆಗೆ ಬಂತು. ಅದೆಲ್ಲ ಆದ ಮೇಲೂ ಅವರಿಗೆ ನಂಬಿಕೆಯಿಲ್ಲ. ಆಮೇಲಿನ ಪ್ರತಿ ಮಳೆಗಾಲದಲ್ಲೂ ತಿಥಿಯ ಹಿಂದಿನ ದಿನ ಟಾರ್ಚು ಹಿಡಿದು ಬಂದು, ಕೋಣೆಯ ಬಾಗಿಲಲ್ಲೇ ನಿಂತು, ಸೀರೆಯ ಮೇಲೆ ಬೆಳಕು ಬಿಟ್ಟು ಅಂಚಿನಿಂದ ಅಂಚಿಗೆ ನೋಡುತ್ತಿದ್ದರು. ಮಡಿಯೆಂದು ಒಳಗೆ ಕಾಲಿಡುತ್ತಿರಲಿಲ್ಲ. “ಏನೂ ಕಾಣ್ತಿಲ್ಲ. ಇಲ್ಲ ಅಂತ ಹೇಳಲ್ಲ, ಕಾಣ್ತಿಲ್ಲ ಅಂತೀನಿ” ಎಂದು ಹೇಳಿದರೆ ಅತ್ತೆಗೆ ಧೈರ್ಯ. ಹೋಗುವಾಗ ನನ್ನ ಗಂಡನ ಕೈ ನೋಡಿ, ಪಂಜು ಗಿಂಜು ಇದೆಯೇ ಎಂದು ಕೇಳುತ್ತಿದ್ದರು.

ನನಗೂ ಅವರಿಗೂ ಸ್ನೇಹವಾಯಿತು ಎಂದರೆ ಅವರೇ ಒಪ್ಪುತ್ತಿರಲಿಲ್ಲವೇನೋ. ನಾನು ಆಫೀಸಿನಿಂದ ತಡವಾಗಿ ಬಂದರೆ “ಯಾಕೆ ಲೇಟು?”, ಬೇಗ ಬಂದರೆ “ಯಾಕೆ ಬೇಗ?” ಎಂದು ಗೇಟಿನಿಂದ ಕೇಳುತ್ತಿದ್ದರು. ನಾನು ಕೊಟ್ಟ ಉತ್ತರವನ್ನು ಒಂದು ಕ್ಷಣ ತೂಗಿ ನೋಡಿ ತಲೆಯಾಡಿಸುತ್ತಿದ್ದರು. ಒಮ್ಮೆ ಅವರನ್ನು ಕೇಳಿದೆ, “ಅವತ್ತು ನಿಜವಾಗ್ಲೂ ನನ್ನ ಮೇಲೆ ಅನುಮಾನ ಇತ್ತಾ ಆಂಟಿ?” ಎಂದು. “ಎಲ್ಲರ ಮೇಲೂ ಇತ್ತು. ಅವರೆಲ್ಲ ನಿನ್ನೊಬ್ಬಳನ್ನೇ ಅನುಮಾನಿಸ್ತಿದ್ರು. ಅದು ತಪ್ಪು” ಎಂದರು. ನನ್ನನ್ನು ಪ್ರೀತಿಸುವ ಜನ ಬಹಳ ಇದ್ದಾರೆ. ನನಗೆ ನ್ಯಾಯ ಸಿಕ್ಕಿದ್ದು ಮಾತ್ರ ಅವರಿಂದ, ಅದಕ್ಕೆ ನಾನು ಅವರಿಗೆ ಋಣಿ.

ಈ ಮಳೆಗಾಲದಲ್ಲಿ ಅವರು ಕೆಲವೇ ದಿನ ಮಲಗಿ ಹೋಗಿಬಿಟ್ಟರು. ಅವರ ಅಣ್ಣನ ಮಗ ಬಂದು ಎಲ್ಲ ಮಾಡಿದ. ಅತ್ತೆ ಎದುರು ಮನೆಯ ಬಾಗಿಲ ತನಕ ಹೋಗಿ, ಮುಖ ನೋಡಿ ಬಂದು, ತಲೆಗೆ ಸ್ನಾನ ಮಾಡಿದರು. ಅಂದು ಸಂಜೆ ಸೀರಿಯಲ್ ಹಾಕಲಿಲ್ಲ.

ಮಾವನ ತಿಥಿ ಹೋದ ವಾರ ಇತ್ತು. ಹಿಂದಿನ ಸಂಜೆ ನಾನು ಅಡುಗೆಮನೆಯಲ್ಲಿದ್ದಾಗ ಅತ್ತೆ ಒಳಗಿನ ಕೋಣೆಯಿಂದ ಕರೆದರು. ತಂತಿಯ ಮೇಲೆ ಸೀರೆ ಹರವಿತ್ತು. ಅವರು ಅದರ ಪಕ್ಕದಲ್ಲಿ ನಿಂತಿದ್ದರು. “ನನ್ನ ಕಣ್ಣಿಗೆ ಏನೂ ಕಾಣಲ್ಲ. ಅವರೂ ಇಲ್ಲ. ನೀನೇ ನೋಡು” ಎಂದರು. ನಾನು ಮೊಬೈಲಿನ ಟಾರ್ಚು ಹಾಕಿ ಬಾಗಿಲಲ್ಲೇ ನಿಂತು ಬೆಳಕು ಬಿಟ್ಟೆ. ಅಂಚಿನಿಂದ ಅಂಚಿಗೆ ನೋಡಿದೆ. “ಏನೂ ಕಾಣ್ತಿಲ್ಲ ಅತ್ತೆ” ಎಂದೆ.

ಅತ್ತೆ ನನ್ನನ್ನು ನೋಡಿದರು, ಸೀರೆಯನ್ನು ನೋಡಿದರು.

“ಅಷ್ಟು ದೂರದಿಂದ ಏನ್ ಕಾಣತ್ತೆ?” ಎಂದರು. “ಒಳಗೆ ಬಾ. ಕೈಲಿ ಹಿಡ್ಕೊಂಡು ನೋಡು.”